ಅಜ್ಜಿಯ ಭರಣಿ, ದೊಡ್ಡಪ್ಪನ ಹೊಟ್ಟೆಹುಣ್ಣು

ಪತ್ರ: ನಮ್ಮ ಹಿರಿಯರು ಉಪ್ಪಿನಕಾಯಿ, ಉಪ್ಪುಸೊಳೆ, ಒಣಮೀನು ತಿಂದು ತೊಂಬತ್ತು ವರ್ಷ ಬಾಳಿದರು. ಹೊಟ್ಟೆಯ ಕ್ಯಾನ್ಸರ್ ಕಾಲಿಟ್ಟದ್ದು ಗೋಬಿ ಮಂಚೂರಿಯ ಜೊತೆ. ಹಳೆಯ ಊಟದ ಹಿರಿಮೆಯನ್ನು ನೀವೇಕೆ ಬರೆಯುವುದಿಲ್ಲ?
– ಓದುಗರೊಬ್ಬರು, ಕೊಪ್ಪ

ಉತ್ತರ: ನಿಮ್ಮ ಅಕ್ಷರ ಮುದ್ದಾಗಿದೆ, ನಾಲ್ಕು ಪುಟವನ್ನೂ ಒಂದೇ ಉಸಿರಿಗೆ ಓದಿದೆ. ಗೋಬಿಯ ಪರ ವಕಾಲತ್ತು ವಹಿಸುವವನು ನಾನಲ್ಲ. ಅದಕ್ಕೆ ಬಳಿಯುತ್ತಿದ್ದ ಕೃತಕ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದ್ದು ಸರಿಯಾಗಿಯೇ ಇದೆ. ನಿಮ್ಮ ಪರವಾದ ಮಾತು ಅಲ್ಲಿಗೆ ಮುಗಿಯಿತು.

ತೊಂಬತ್ತು ಬಾಳಿದ ಅಜ್ಜನನ್ನು ಊರೆಲ್ಲ ನೆನೆಯುತ್ತದೆ. ಐವತ್ತೆರಡಕ್ಕೇ ಹೋದ ನನ್ನ ದೊಡ್ಡಪ್ಪನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಕಲೇಶಪುರದ ಆ ಮನೆಯಲ್ಲಿ ಮಳೆಗಾಲವಿಡೀ ತರಕಾರಿಯ ಮುಖ ಕಾಣುತ್ತಿರಲಿಲ್ಲ. ಗಂಜಿ, ಒಣಮೀನು, ಭರಣಿಯ ತಳದ ಉಪ್ಪುರಸ. ಊಟವಾದರೆ ಎಲೆ, ಅಡಿಕೆ, ಹೊಗೆಸೊಪ್ಪು. 'ಹೊಟ್ಟೆಹುಣ್ಣು' ಎಂದುಕೊಂಡು ಎರಡು ವರ್ಷ ಸೋಡಾ ಕುಡಿದರು. ಕೊನೆಗೆ ಗಂಜಿಯೂ ಇಳಿಯಲಿಲ್ಲ. ಆ ಕಾಯಿಲೆ ಏನೆಂದು ಯಾರೂ ಪರೀಕ್ಷಿಸಿ ಹೇಳಲಿಲ್ಲ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಆ ಕಾಲಕ್ಕೆ ಕ್ಯಾನ್ಸರ್ ಇರಲೇ ಇಲ್ಲ!

ಅತಿಯಾದ ಉಪ್ಪು ಜಠರದ ಲೋಳೆಪದರವನ್ನು ಕೆಡಿಸುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಬೀಡುಬಿಡಲು ಅದೇ ಅನುಕೂಲ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕ ಎಂದಿತು. ಅದನ್ನು ಪತ್ತೆಹಚ್ಚಿದ ಮಾರ್ಷಲ್ ಮತ್ತು ಅವರ ಜೊತೆಗಾರ ರಾಬಿನ್ ವಾರೆನ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕನ್ನರನ್ನು ಜಠರದ ಕ್ಯಾನ್ಸರ್ ಬಹಳವಾಗಿ ಕೊಲ್ಲುತ್ತಿತ್ತು. ಮನೆಮನೆಗೆ ಫ್ರಿಜ್ ಬಂದು, ಉಪ್ಪುಹಾಕಿದ, ಹೊಗೆಯಲ್ಲಿಟ್ಟ ಮಾಂಸದ ಜಾಗಕ್ಕೆ ತಾಜಾ ಆಹಾರ ಬಂದಂತೆ ಅದು ಇಳಿಯುತ್ತಾ ಹೋಯಿತು. ನಿಮ್ಮ ಮೂರನೆಯ ಪುಟದಲ್ಲಿ 'ತಂಗಳು ಪೆಟ್ಟಿಗೆ' ಎಂದು ಬೈದಿದ್ದೀರಲ್ಲ, ಅದೇ ಫ್ರಿಜ್.

ನಮ್ಮಲ್ಲಿ ಎಲ್ಲ ಉರಿಗೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು, ಔಷಧಿ ಅಂಗಡಿಯ ಒಂದೇ ಮಾತ್ರೆ. ಹಸಿವು ಸತ್ತು ತೂಕ ಇಳಿದವರೂ ಕಾಫಿ ಕೊಯ್ಲು ಮುಗಿಯಲಿ, ಮಗಳ ಮದುವೆ ಮುಗಿಯಲಿ, ಆಮೇಲೆ ಎಂಡೋಸ್ಕೋಪಿ ಎನ್ನುತ್ತಾರೆ. ಹಿಂದಿನವರ ಊಟದ ಮಹಿಮೆ ಸಾರುವ ಸಂದೇಶಗಳು ಬೆಳಗಾದರೆ ನನ್ನ ಮೊಬೈಲ್ ತುಂಬಾ. ದಿನಕ್ಕೆ 5 ಗ್ರಾಂ ಮೀರಿ ಉಪ್ಪು ಬೇಡವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಮಾತ್ರ ಈವರೆಗೆ ಒಬ್ಬರೂ ಕಳುಹಿಸಿಲ್ಲ.

ಅಂದ ಹಾಗೆ, ಪತ್ರದ ಜೊತೆ ನೀವು ಕಳುಹಿಸಿದ ಅಪ್ಪೆಮಿಡಿ ತಲುಪಿತು. ಕಚೇರಿಯವರೆಲ್ಲ ಹಂಚಿಕೊಂಡೆವು, ನನ್ನ ಪಾಲಿಗೆ ಬಂದದ್ದು ಒಂದೇ ಮಿಡಿ.