ಬಲ್ಬಿನ ಲೈನಿಗೆ ಗೀಸರ್ ತೂಗುಹಾಕಬಹುದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್ ಹತ್ತಿರ. ಮಾವನವರು ಕಟ್ಟಿಸಿದ ಹಳೇ ಹೆಂಚಿನ ಮನೆ. ಬಚ್ಚಲುಮನೆ ಅಡುಗೆಮನೆಯ ಹಿಂದಿದೆ, ಅಲ್ಲಿರುವುದು ಒಂದೇ ಬಲ್ಬು. ಇಷ್ಟು ವರ್ಷ ಹಂಡೆ ಒಲೆಯಲ್ಲೇ ಸಾಗಿತು. ಈಗ ಅತ್ತೆಗೆ ಸೌದೆ ಹೊಗೆ ಆಗಿಬರುತ್ತಿಲ್ಲ. ಮಗ 15 ಲೀಟರಿನ ಗೀಸರ್, ಒಂದು ಎಕ್ಸಾಸ್ಟ್ ಫ್ಯಾನು ತಂದಿಟ್ಟಿದ್ದಾನೆ, ವಾಷಿಂಗ್ ಮಷೀನೂ ಅಲ್ಲೇ ಇಡಬೇಕಂತೆ. ವೈರಿಂಗಿಗೆ ಬಂದ ಹುಡುಗ, "ಬಲ್ಬಿನ ಲೈನಿಂದಲೇ ಎಳೆಯೋಣ ಆಂಟಿ, 6 ಆಂಪ್ಸಿನ ಎಂಸಿಬಿ ತೆಗೆದು 16ರದ್ದು ಹಾಕಿದ್ರೆ ಬೀಳೋದೇ ಇಲ್ಲ" ಅಂದ. ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ ಸಾರ್?
— ಓದುಗರೊಬ್ಬರು

ಉತ್ತರ: ಧೈರ್ಯ ಬರದಿದ್ದದ್ದೇ ಒಳ್ಳೆಯದಾಯಿತು ತಾಯಿ. ಹುಡುಗ ಹೇಳಿದ್ದು ಸುಳ್ಳಲ್ಲ, 16ರ ಎಂಸಿಬಿ ಹಾಕಿದರೆ ಬೀಳುವುದಿಲ್ಲ. ಬೀಳಬೇಕಾದಾಗಲೂ ಬೀಳುವುದಿಲ್ಲ, ಅದೇ ಫಜೀತಿ. ಎಂಸಿಬಿ ಎಂದರೆ ಹೆಚ್ಚು ಕರೆಂಟು ಹರಿದಾಗ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು, ಅದು ಕಾಪಾಡುವುದು ಗೋಡೆಯ ಮೇಲಿನ ವೈರನ್ನು. ಬಲ್ಬಿನ ಲೈನಿಗೆ ಸಾಮಾನ್ಯವಾಗಿ ಹಾಕುವುದು 1 ಚದರ ಮಿಲಿಮೀಟರಿನ ತಾಮ್ರದ ವೈರು, ಹೆಚ್ಚೆಂದರೆ ಒಂದೂವರೆ. ಸ್ವಿಚ್ಚು 6 ಆಂಪ್ಸಿನದು. ಇಂಥ ಒಂದು ಲೈನಿಗೆ 10 ಪಾಯಿಂಟು, ಒಟ್ಟು 800 ವ್ಯಾಟು, ಅದಕ್ಕಿಂತ ಹೆಚ್ಚು ಹೇರಬೇಡಿ ಎಂದೇ ನಮಗೆಲ್ಲ ಪಾಠ ಮಾಡಿದ್ದು.

ನಿಮ್ಮ ಗೀಸರಿನ ಮೈಮೇಲೆ 2000 ವ್ಯಾಟ್ ಎಂದು ಬರೆದಿರುತ್ತದೆ, ನೋಡಿ. 230 ವೋಲ್ಟಿನಲ್ಲಿ ಅದು ಎಳೆಯುವುದು 8.7 ಆಂಪ್ಸ್. ಈಗ ಆ ಲೈನಿನಲ್ಲಿ ನಾಲ್ಕೈದು ಎಲ್‌ಇಡಿ ಬಲ್ಬು, ಎರಡು ಸೀಲಿಂಗ್ ಫ್ಯಾನು ಓಡುತ್ತಿದ್ದರೂ 1 ಆಂಪ್ಸ್ ಹರಿಯದು. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಹತ್ತು ಪಟ್ಟಾದರೆ ಬಿಸಿ ನೂರು ಪಟ್ಟು. ಹೊಸ ವೈರಾದರೆ ಹೇಗೋ ತಡೆದುಕೊಂಡೀತು. ಆದರೆ ಮಾವನವರ ಕಾಲದ ವೈರಿಂಗು, ಮರದ ಪಟ್ಟಿಯ ಮೇಲೆ ಹೊಡೆದದ್ದು, ಎಲ್ಲೋ ಅಟ್ಟದ ಮೇಲೆ ಹೊಸೆದು ಟೇಪು ಸುತ್ತಿದ ಜಾಯಿಂಟು. ಮೊದಲು ಬಿಸಿಯಾಗುವುದು ಆ ಜಾಯಿಂಟು. ಅದೂ ಒಂದೆರಡು ನಿಮಿಷದ ಮಾತಲ್ಲ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು 21 ನಿಮಿಷ ಬೇಕು. ಸಂಜೆ ನಿಮ್ಮ ಕಡೆ ವೋಲ್ಟೇಜು 180ಕ್ಕೆ ಇಳಿದಾಗ ಗೀಸರಿನ ಶಕ್ತಿ 1200 ವ್ಯಾಟಿಗೆ ಬಂದುಬಿಡುತ್ತದೆ, ಆಗ ಅರ್ಧ ಗಂಟೆಗೂ ಮೇಲೆ. ನಾಲ್ಕು ಜನರ ಸ್ನಾನ ಮುಗಿಯುವಷ್ಟರಲ್ಲಿ ಅಟ್ಟದ ಮೇಲೆ ಏನಾಗಿರುತ್ತದೋ ಯಾರೂ ಹತ್ತಿ ನೋಡುವುದಿಲ್ಲ.

ಇನ್ನೊಂದು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೇ ಇರುತ್ತದೆ, ಬಣಕಲ್ಲಿನ ಮಳೆಗಾಲದಲ್ಲಿ ಅದಿಲ್ಲದೆ ಕಳೆಯುವುದುಂಟೆ? ಯುಪಿಎಸ್ ಕೊಟ್ಟಿರುವುದು ಬಹುತೇಕ ಲೈಟಿನ ಲೈನಿಗೇ. ಗೀಸರ್ ಅದೇ ಲೈನಿಗೆ ಬಿದ್ದರೆ, ಕರೆಂಟು ಹೋದ ತಕ್ಷಣ ಯುಪಿಎಸ್ ಓವರ್‌ಲೋಡ್ ಎಂದು ಕೂಗಿ ಮಲಗುತ್ತದೆ, ಮನೆಯೆಲ್ಲ ಕತ್ತಲು. ಕೆಲಸಕ್ಕೆ ಬಂದವನಿಗೂ ತಿಳಿಸಿ: ಮೇನ್ ಆಫ್ ಮಾಡಿದರೂ ಲೈಟಿನ ಲೈನಿನಲ್ಲಿ ಯುಪಿಎಸ್ ಕರೆಂಟು ಜೀವಂತ ಇರುತ್ತದೆ. ಅದನ್ನೂ ಆರಿಸಿಯೇ ಕೈ ಹಾಕಲಿ.

ಎಕ್ಸಾಸ್ಟ್ ಫ್ಯಾನನ್ನು ಮಾತ್ರ ಬಲ್ಬಿನ ಲೈನಿಗೆ ಧಾರಾಳವಾಗಿ ಕೊಡಿ. 40 ವ್ಯಾಟಿನ ಆಸುಪಾಸು, ಏನೂ ಭಾರವಲ್ಲ. ಕನ್ನಡಿಯ ಮೇಲೊಂದು ದೀಪ ಬೇಕಾದರೂ ಸರಿ. ಒಂದೇ ಷರತ್ತು, ಫೇಸು ಯಾವ ಲೈನಿನದೋ ನ್ಯೂಟ್ರಲ್ಲೂ ಅದೇ ಲೈನಿನದಾಗಿರಬೇಕು. ಫೇಸು ಬಚ್ಚಲಿನ ಬಲ್ಬಿಂದ, ನ್ಯೂಟ್ರಲ್ಲು ಹತ್ತಿರ ಸಿಕ್ಕಿತೆಂದು ಅಡುಗೆಮನೆಯಿಂದ ಎಳೆದರೆ ಮುಂದೆ ಲೈನಿಗೊಂದರಂತೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಹಾಕಿಸಿದ ದಿನ ಅದು ಸುಮ್ಮಸುಮ್ಮನೆ ಬೀಳುತ್ತದೆ. ಕೆಟ್ಟಿದ್ದು ಆರ್‌ಸಿಸಿಬಿಯೇ ಎಂದು ಅದನ್ನೇ ಕಿತ್ತೆಸೆದವರ ಮನೆಗಳನ್ನು ನೋಡಿದ್ದೇನೆ.

ಇದಕ್ಕೆಲ್ಲ ಮುಂಚೆ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವ್ಯವಸ್ಥೆ. ನಿಮ್ಮ ಮನೆಯಲ್ಲಿ ಅದು ಇದೆಯೋ ಇಲ್ಲವೋ ನೋಡಿಸಿ. ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಚಿಕ್ಕಮಗಳೂರಿನಲ್ಲಿ ಕೆಲಸ ಕಲಿಯುವ ಕಾಲಕ್ಕೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುವುದು ಯಾರಿಗೆ ಬೇಕೆಂದು ಎಷ್ಟೋ ಮನೆಗಳಲ್ಲಿ ಅರ್ತ್ ವೈರನ್ನು ನಲ್ಲಿ ಪೈಪಿಗೇ ಸುತ್ತಿ ಬಂದಿದ್ದೆ. ಆಗ ಕಬ್ಬಿಣದ ಪೈಪು, ನೆಲದೊಳಗೆ ಉದ್ದಕ್ಕೂ ಹೋಗಿರುತ್ತಿತ್ತು, ಹೇಗೋ ನಡೆಯುತ್ತಿತ್ತು. ಆಲ್ದೂರಿನಲ್ಲಿರುವ ನಮ್ಮಕ್ಕನ ಮನೆಗೂ ಅದನ್ನೇ ಮಾಡಿದ್ದೆ. ವರ್ಷಗಳ ಮೇಲೆ ಅವರು ತುಕ್ಕು ಹಿಡಿದ ಪೈಪು ತೆಗೆಸಿ ಹೊರಗಡೆಯೆಲ್ಲ ಪ್ಲಾಸ್ಟಿಕ್ಕು ಹಾಕಿಸಿದರು. ಬಚ್ಚಲ ಗೋಡೆಯಲ್ಲಿ ಮಾತ್ರ ಮೂರಡಿ ಕಬ್ಬಿಣ ಉಳಿಯಿತು, ಅದಕ್ಕೆ ನನ್ನ ಅರ್ತ್ ವೈರು. ಅಡುಗೆಮನೆಯ ಗ್ರೈಂಡರಿನಲ್ಲಿ ಕರೆಂಟು ಸೋರಿದ್ದೇ ತಡ, ಹೋಗಲು ಭೂಮಿ ಸಿಗದೆ ನೇರ ನಲ್ಲಿಗೆ ಬಂತು. "ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ ಕಣೋ" ಎಂದು ಅಕ್ಕ ಫೋನು ಮಾಡಿದಾಗ ಬಸ್ಸಿಗೂ ಕಾಯದೆ ಹೊರಟೆ. ಒದ್ದೆ ನೆಲ, ಬರಿಗಾಲು; ಅವತ್ತು ಬರೀ ಜುಮ್ ಎಂದದ್ದು ನಮ್ಮ ಪುಣ್ಯ.

ಹಾಗಾಗಿ ಹೊಸದಾಗಿ ಅರ್ತ್ ಗುಂಡಿ ತೋಡಿಸಿ. ಮಳೆಗಾಲದಲ್ಲಿ ನಿಮ್ಮ ಮಣ್ಣು ತಾನೇ ಹಸಿಯಾಗಿರುತ್ತದೆ, ಶಿವರಾತ್ರಿ ಕಳೆದ ಮೇಲೆ ಆಗಾಗ ಒಂದು ಬಿಂದಿಗೆ ನೀರು ಹೊಯ್ಯಿರಿ. ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) 30 ಮಿಲಿಆಂಪ್ಸಿನ ಆರ್‌ಸಿಸಿಬಿ ಹಾಕಿಸಿ. 9 ವ್ಯಾಟಿನ ಬಲ್ಬು ಸುಮಾರು 40 ಮಿಲಿಆಂಪ್ಸ್ ಎಳೆಯುತ್ತದೆ. ಅಷ್ಟು ಕರೆಂಟು ಎದೆ ಹಾಯ್ದು ನಿಂತರೆ ಪ್ರಾಣಕ್ಕೆ ಕುತ್ತು, 6ರ ಎಂಸಿಬಿಗಾಗಲಿ 16ರದಕ್ಕಾಗಲಿ ಅದು ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿ ಅದನ್ನು ಹಿಡಿಯುತ್ತದೆ. ಓವರ್‌ಲೋಡ್ ಹಿಡಿಯುವುದು ಅದರ ಕೆಲಸವಲ್ಲ, ಆದ್ದರಿಂದ ಎರಡೂ ಬೇಕು.

ಗೀಸರಿಗೆ ಡಿಬಿಯಿಂದಲೇ ಬೇರೆ ಲೈನು. ನಿಮ್ಮ ಡಿಬಿ ಜಗಲಿಯಲ್ಲಿ, ಬಚ್ಚಲು ಹಿತ್ತಿಲ ತುದಿಯಲ್ಲಿ ಎಂದಾದರೆ 4 ಚದರ ಮಿಲಿಮೀಟರಿನ ವೈರನ್ನೇ ಹಾಕಿಸಿ, ಜೊತೆಗೆ ಹಸಿರು ಅರ್ತ್ ವೈರು, 16ರ ಎಂಸಿಬಿ. ಆ ಹುಡುಗ ಹೇಳಿದ 16 ಇಲ್ಲಿಗೆ ಸರಿಯಾಗುತ್ತದೆ! ಸ್ವಿಚ್ಚು ಬಚ್ಚಲ ಬಾಗಿಲಿನ ಹೊರಗಿರಲಿ, ಫೇಸು-ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚಾಗಿರಲಿ. ಹಳೇ ಮನೆಗಳಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾಗಿರುವುದು ಹೊಸತೇನಲ್ಲ. ವಾಷಿಂಗ್ ಮಷೀನನ್ನು ಬಚ್ಚಲಿಗಿಂತ ಹೊರಗಿನ ಕಟ್ಟೆಯ ಮೇಲೆ, ಸೂರಿನಡಿ ಇಟ್ಟರೆ ನನಗೆ ಸಮಾಧಾನ. ನೀರು ತಾನೇ ಕಾಯಿಸಿಕೊಳ್ಳುವ ಮಷೀನಾದರೆ ಅದಕ್ಕೂ ಪ್ರತ್ಯೇಕ ಲೈನು ಬೇಕು. ಸ್ನಾನದ ಜಾಗದ ಮೇಲೆ ಏಳೂವರೆ ಅಡಿ ಎತ್ತರದವರೆಗೆ, ಸುತ್ತ ಎರಡಡಿಯೊಳಗೆ ಸಾಕೆಟ್ಟಾಗಲಿ ಸ್ವಿಚ್ಚಾಗಲಿ ಬೇಡವೇ ಬೇಡ.

ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 1 ಕಿಲೋವ್ಯಾಟ್ ಎಂದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ. ಹಂಡೆಯನ್ನು ಮಾತ್ರ ಗುಜರಿಗೆ ಹಾಕಬೇಡಿ, ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದಾಗ ನೆನಪಾಗುತ್ತದೆ.

ಪ್ರಶ್ನೆ: ಹಾಸನದಲ್ಲಿ ಬಾಡಿಗೆ ರೂಮು. ಬಚ್ಚಲಲ್ಲಿ ಗೀಸರ್ ಇಲ್ಲ. 1500 ವ್ಯಾಟಿನ ಕಾಯಿಲನ್ನು ಕನ್ವರ್ಟರ್ ಪ್ಲಗ್ ಹಾಕಿ ಸಣ್ಣ ಸಾಕೆಟ್ಟಿಗೆ ಕೊಡುತ್ತಿದ್ದೇನೆ. ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿದೆ, ಪರವಾಗಿಲ್ಲವೇ?
— ಕಾಲೇಜು ವಿದ್ಯಾರ್ಥಿ

ಉತ್ತರ: ಪರವಾಗಿದೆ ಮರಿ. ಕಂದು ಬಣ್ಣ ಎಂದರೆ ಒಳಗೆ ಸುಟ್ಟಿದೆ. 1500 ವ್ಯಾಟ್ ಎಂದರೆ 6.5 ಆಂಪ್ಸ್, ಆ ಸಾಕೆಟ್ಟು 6ರದ್ದು. ಅಗಲ ಪಿನ್ನಿನ ಪ್ಲಗ್ಗು ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿರುವುದೇ ಇದನ್ನು ತಡೆಯಲು. ಕನ್ವರ್ಟರ್ ಆ ಬೇಲಿಯನ್ನು ಮುರಿಯುತ್ತದೆ. ಇವತ್ತೇ ಬಿಸಾಡು. ಅಡುಗೆಮನೆಯಲ್ಲಿ 16 ಆಂಪ್ಸಿನ ಸಾಕೆಟ್ಟಿದ್ದರೆ ಅಲ್ಲೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಾಯಿಸಿಕೊ, ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತ ಮೇಲೆಯೇ ನೀರಿಗೆ ಬೆರಳು ಅದ್ದು. ಇಲ್ಲದಿದ್ದರೆ ಓನರಿಗೆ ಹೇಳಿ ಒಂದು ಪವರ್ ಪಾಯಿಂಟ್ ಹಾಕಿಸಿಕೊ. ಅಲ್ಲಿಯವರೆಗೆ ಗ್ಯಾಸಿನ ಮೇಲೊಂದು ಪಾತ್ರೆ ಇಡು.