ಡಿಸೆಂಬರ್ 8ಕ್ಕೆ ಗರ್ಭ, 25ಕ್ಕೆ ಹುಟ್ಟು: ಇದ್ಯಾವ ಲೆಕ್ಕ?

ಡಿಸೆಂಬರ್ 8ಕ್ಕೆ ಕಥೋಲಿಕರು ಅಮಲೋದ್ಭವ (ಅಂದರೆ ಪಾಪದ ಕಳಂಕವಿಲ್ಲದ ಗರ್ಭಧಾರಣೆ) ಹಬ್ಬ ಮಾಡುತ್ತಾರೆ, 25ಕ್ಕೆ ಕ್ರಿಸ್‌ಮಸ್, ಹಾಗಾದರೆ ಯೇಸು ಹದಿನೇಳೇ ದಿನಕ್ಕೆ ಹುಟ್ಟಿದರಾ ಅಂತ ಕೇಳಿದ್ದೀರಿ. ನಗಬೇಡಿ ಅಂತಲೂ ಬರೆದಿದ್ದೀರಿ. ಖಂಡಿತ ನಗಲ್ಲ. ನಾನು ಕೆಲವು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು. ಬೆರಳು ಮಡಚಿ ಇದೇ ಲೆಕ್ಕ ಹಾಕುವ ಮಗು ಪ್ರತಿ ವರ್ಷ ಒಂದಾದರೂ ಇರುತ್ತಿತ್ತು. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಲು ಬಂದ ಅಪ್ಪನೇ ಮೆಲ್ಲಗೆ ಕೇಳಿದ್ದರು.

ಆ ಹಬ್ಬ ಯೇಸುವಿನ ಗರ್ಭಧಾರಣೆಯದ್ದಲ್ಲ, ಅವರ ತಾಯಿ ಮರಿಯಮ್ಮನದ್ದು. ಮರಿಯಮ್ಮ ತನ್ನ ತಾಯಿ ಅನ್ನಮ್ಮನ ಹೊಟ್ಟೆಯಲ್ಲಿ ಮೂಡಿದ್ದರ ನೆನಪು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ, ಸೆಪ್ಟೆಂಬರ್ 8 ಬರುತ್ತೆ. ಅವತ್ತೇ ಮರಿಯಮ್ಮನ ಹುಟ್ಟುಹಬ್ಬ. ಯೇಸು ಮರಿಯಮ್ಮನ ಹೊಟ್ಟೆಯಲ್ಲಿ ಮೂಡಿದ್ದರ ಹಬ್ಬ ಮಾರ್ಚ್ 25ಕ್ಕೆ, ಅಲ್ಲಿಂದ ಒಂಬತ್ತು ತಿಂಗಳಿಗೆ ಡಿಸೆಂಬರ್ 25.

ಹಾಗಂತ ಅನ್ನಮ್ಮ ಗಂಡನಿಲ್ಲದೆ ಬಸುರಾದರು ಅಂತ ಅಲ್ಲ. ಅವರ ಗಂಡ ಜ್ವಾಕಿಂ. ಮರಿಯಮ್ಮ ಎಲ್ಲರ ಹಾಗೆಯೇ ಅಪ್ಪ ಅಮ್ಮನಿಗೆ ಹುಟ್ಟಿದವರು. (ಈ ಎರಡು ಹೆಸರು ಬೈಬಲ್‌ನಲ್ಲಿಲ್ಲ, ಎರಡನೇ ಶತಮಾನದ ಒಂದು ಬರಹದಿಂದ ಬಂದವು.) ಬೇರೆಯಾಗಿದ್ದು ಒಂದೇ. ಆದಾಮನಿಂದ ಎಲ್ಲರಿಗೂ ಬರುವ ಜನ್ಮಪಾಪ ಅವರಿಗೆ ಮೊದಲ ಕ್ಷಣದಿಂದಲೇ ಅಂಟಲಿಲ್ಲ. ಜನ್ಮಪಾಪ ಅಂದರೆ ಮಗು ಮಾಡಿದ ತಪ್ಪಲ್ಲ. ದೇವರ ವರಪ್ರಸಾದ ಇಲ್ಲದೆ ಹುಟ್ಟುವ ಸ್ಥಿತಿ.

ನಿಜವಾದ ತಲೆನೋವು ಬೇರೆಯೇ ಇದೆ. ಪಾಪವೇ ಇಲ್ಲದಿದ್ದರೆ ಮರಿಯಮ್ಮನಿಗೆ ಯೇಸು ರಕ್ಷಕ ಹೇಗಾದರು? ಇದೇ ಕಾರಣಕ್ಕೆ ಸಂತ ತಾಮಸ್ ಅಕ್ವಿನಾಸ್‌ರಂಥ ದೊಡ್ಡ ದೇವಶಾಸ್ತ್ರಜ್ಞರೇ ಈ ಬೋಧನೆಯನ್ನು ಒಪ್ಪಲಿಲ್ಲ. ಗಂಟು ಬಿಡಿಸಿದ್ದು ಫ್ರಾನ್ಸಿಸ್ಕನ್ ಸನ್ಯಾಸಿ ಡನ್ಸ್ ಸ್ಕಾಟಸ್, 1300ರ ಆಸುಪಾಸಿನಲ್ಲಿ. ನಾನು ಮಕ್ಕಳಿಗೆ ಹೀಗೆ ಹೇಳುತ್ತಿದ್ದೆ: ಮೆಟ್ಟಿಲಲ್ಲಿ ಬಿದ್ದವನನ್ನು ಅಮ್ಮ ಎತ್ತಿ ಮುಲಾಮು ಹಚ್ಚುತ್ತಾಳೆ. ಇನ್ನೊಬ್ಬನನ್ನು ಕಾಲು ಜಾರುವಾಗಲೇ ಗಬಕ್ಕನೆ ಹಿಡಿಯುತ್ತಾಳೆ. ಇಬ್ಬರನ್ನೂ ಕಾಪಾಡಿದ್ದು ಅವಳೇ ಅಲ್ವಾ? ಮರಿಯಮ್ಮ ಎರಡನೆಯ ಮಗು. ಯೇಸುವಿನ ಪುಣ್ಯಫಲ ಅವರಿಗೆ ಮುಂಗಡವಾಗಿ ಸಿಕ್ಕಿತು. ನನಗಂತೂ ಇದು ಜಾಣ ಉತ್ತರ ಅನ್ನಿಸುತ್ತೆ. ಪ್ರೊಟೆಸ್ಟೆಂಟರು, ಆರ್ಥೊಡಾಕ್ಸ್ ಸಭೆಯವರು ಈ ಬೋಧನೆಯನ್ನು ಒಪ್ಪಲ್ಲ.

ಪೋಪ್ ಒಂಬತ್ತನೇ ಪಿಯುಸ್ ಇದನ್ನು ವಿಶ್ವಾಸಸತ್ಯ (ಕಥೋಲಿಕರು ನಂಬಲೇಬೇಕಾದ ಬೋಧನೆ) ಅಂತ ಘೋಷಿಸಿದ್ದು 1854ರ ಡಿಸೆಂಬರ್ 8ರಂದು. ನಾಲ್ಕೇ ವರ್ಷದಲ್ಲಿ ಫ್ರಾನ್ಸಿನ ಲೂರ್ದ್‌ನಲ್ಲಿ ಬರ್ನದೆತ್ ಎಂಬ 14ರ ಹುಡುಗಿ ತನಗೆ ಕಾಣಿಸಿಕೊಳ್ಳುತ್ತಿದ್ದ ಸ್ತ್ರೀಯನ್ನು ಹೆಸರೇನು ಅಂತ ಕೇಳಿದಳು. 'ನಾನೇ ಅಮಲೋದ್ಭವಿ' ಎಂಬ ಉತ್ತರ ಅವಳದೇ ಆಡುಮಾತಿನಲ್ಲಿ ಬಂತು. ಅವತ್ತೂ ಮಾರ್ಚ್ 25! ಮರೆತುಹೋದೀತು ಅಂತ ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ ಪಾದ್ರಿಯ ಮನೆಗೆ ಹೋದಳಂತೆ. ಆ ಪದದ ಅರ್ಥ ಅವಳಿಗೂ ಗೊತ್ತಿರಲಿಲ್ಲ.