ವೈರ್‌ಲೆಸ್ ಮೌಸ್ ನಿಂತು ನಿಂತು ಓಡುತ್ತಿದೆ, ವೈರ್ ಇರುವ ಮೌಸೇ ತಗೊಳ್ಳಲಾ?

ತಕ್ಷಣ ಹೊಸದು ಕೊಳ್ಳಬೇಡಿ. ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ. ಗಾಜಿನ ಮೇಜಾದರೆ ಮೌಸ್ ಕೆಳಗೆ ಹಳೇ ಕ್ಯಾಲೆಂಡರ್ ಹಾಳೆ ಹಾಸಿ.

ಆಮೇಲೂ ಸರಿಹೋಗದಿದ್ದರೆ ರಿಸೀವರ್, ಅಂದರೆ ಮೌಸ್ ಜೊತೆ ಬರುವ ಪುಟ್ಟ ಯುಎಸ್‌ಬಿ ತುಂಡು, ಎಲ್ಲಿ ಸಿಕ್ಕಿಸಿದ್ದೀರಿ ಅಂತ ನೋಡಿ. ಮೈಸೂರಿನ ಸರಸ್ವತಿಪುರಂನಲ್ಲಿದ್ದಾಗ ನನಗೂ ಇದೇ ಕಾಟ ಇತ್ತು. ರಿಸೀವರ್ ಸಿಪಿಯು ಹಿಂದೆ, ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್‌ನಲ್ಲಿತ್ತು. ಅದರ ಪಕ್ಕದಲ್ಲೇ ಹಾರ್ಡ್ ಡಿಸ್ಕ್. ಫೈಲ್ ಕಾಪಿ ಆಗುವಾಗಲೆಲ್ಲ ಪರದೆ ಮೇಲಿನ ಬಾಣ ಜಿಗಿಯುತ್ತಿತ್ತು. ಇಂಥ ಮೌಸ್ ಸಿಗ್ನಲ್ ಕಳಿಸುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಕೆಲಸ ಮಾಡುವಾಗ ಅದೇ ಫ್ರೀಕ್ವೆನ್ಸಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಪರೀಕ್ಷಿಸಿ ತಿಳಿಸಿದೆ. ನಾನು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ರಿಸೀವರನ್ನು ಮೇಜಿನ ಮೇಲೆ ಮೌಸ್ ಹತ್ತಿರಕ್ಕೇ ತಂದಿಟ್ಟೆ. ಜಿಗಿತ ನಿಂತೇ ಹೋಯಿತು! ವೈಫೈ ರೂಟರ್ ಪಕ್ಕದಲ್ಲೇ ಇದ್ದರೆ ಅದನ್ನೂ ಸ್ವಲ್ಪ ದೂರ ಸರಿಸಿ.

ಒಂದೇ ಕಡೆ ಕೂತು ದಿನವಿಡೀ ಕೆಲಸ ಮಾಡುವವರಾದರೆ ವೈರ್ ಮೌಸೇ ವಾಸಿ ಅನ್ನುತ್ತೇನೆ. ಬೆಲೆ ಕಡಿಮೆ, ಬ್ಯಾಟರಿ ಚಿಂತೆ ಇಲ್ಲ. ಆದರೆ ವೈರನ್ನು ಮೌಸ್‌ಗೇ ಬಿಗಿಯಾಗಿ ಸುತ್ತಿ ಇಡಬೇಡಿ, ಬುಡದಲ್ಲಿ ಒಳಗಿನ ತಂತಿ ತುಂಡಾಗುತ್ತದೆ.